ಉರ್ದು ಶಾಲೆಯ ಪಡಸಾಲೆಯಲ್ಲಿ ಆರು ನಿಮಿಷ

ದಪ್ಪಗಿರುವ ಹೆಂಗಸರನ್ನು ಹುಡುಕಿಕೊಡಬೇಕೆಂದು ನನ್ನನ್ನು ಕೇಳಿದಾಗ ನಾನೇ ಎಂಬತ್ತೆಂಟು ಕಿಲೋ ಇದ್ದೆ. ಕೇಳಿದವಳು ಗದಗಿನ ಹುಡುಗಿ, ಫಿಜಿಯೋಥೆರಪಿಯಲ್ಲಿ ಮೇಲಿನ ಓದು ಓದುತ್ತಿದ್ದಳು. ನಾನು ಶಿಗ್ಲಿಯಲ್ಲಿ ಆಶಾ ಕಾರ್ಯಕರ್ತೆಯಾಗಿ ಹದಿಮೂರು ವರ್ಷ ಕಳೆದಿದ್ದೆ. ಲಕ್ಷ್ಮೇಶ್ವರದಲ್ಲಿ ತಿಂಗಳ ಮೀಟಿಂಗ್ ಮುಗಿದು ಎಲ್ಲರೂ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿದ್ದಾಗ ಅವಳು ಬಾಗಿಲಲ್ಲಿ ನಿಂತು ನಮ್ಮನ್ನು ಒಬ್ಬೊಬ್ಬರನ್ನೇ ತಡೆದು ಮಾತಾಡಿಸುತ್ತಿದ್ದಳು. ನನ್ನ ಸರದಿ ಬಂದಾಗ ಅವಳ ಕಣ್ಣು ಒಮ್ಮೆ ನನ್ನ ಮೈಮೇಲೆ ಹರಿದು, ತಪ್ಪು ಮಾಡಿದವರಂತೆ ಕೈಯಲ್ಲಿದ್ದ ಕಾಗದಕ್ಕೆ ಇಳಿಯಿತು.

“ಅಕ್ಕಾರ, ತೂಕ ಸ್ವಲ್ಪ ಜಾಸ್ತಿ ಇರೋ ಹೆಣ್ಣಮಕ್ಕಳು ಬೇಕಾಗಿತ್ರಿ. ಸೂಜಿ ಗೀಜಿ ಏನೂ ಇಲ್ರಿ. ಆರು ನಿಮಿಷ ನಡಿಬೇಕು, ಅಷ್ಟ.”

“ಆರು ನಿಮಿಷ ನಡದ್ರ ಏನ್ ತಿಳಿತತಿ?” ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟಿತ್ತು. ಕಾಗದದ ಮೇಲೆ ಕಣ್ಣಿಟ್ಟು ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಆ ಪ್ರಶ್ನೆಗೆ ಅವಳು ತಲೆಯೆತ್ತಿದಳು. “ಎದಿ, ಉಸರು, ಕಾಲು, ಮೂರೂ ಕೂಡಿ ಎಷ್ಟು ದುಡಿತಾವು ಅನ್ನೋದು ತಿಳಿತೈತ್ರಿ. ಕಾಟಾದ ಮ್ಯಾಲೆ ನಿಂತ್ರ ಮೈ ಎಷ್ಟು ಭಾರ ಐತಿ ಅಂತ ಗೊತ್ತಾಗತೈತಿ. ಆ ಮೈಯಾಗ ಎಷ್ಟು ತ್ರಾಣ ಐತಿ ಅನ್ನೋದು ಗೊತ್ತಾಗೂದಿಲ್ಲ. ಅದನ್ನ ಯಾರೂ ಕೇಳೂದ ಇಲ್ಲರಿ.”

ಇಷ್ಟು ಹೇಳಿ ಅವಳು ಬಸ್ ನಿಲ್ದಾಣದವರೆಗೂ ನನ್ನ ಜೊತೆ ನಡೆದು ಬಂದಳು. ಕಾಲೇಜಿನಲ್ಲಿ ಓಡುವ ಪಟ್ಟಾದ ಮಷೀನು ಇದೆಯಂತೆ. ಮೂಗು ಬಾಯಿಗೆ ಮುಸುಕು ಹಾಕಿ, ಅದರ ಮೇಲೆ ನಡೆಸಿ, ಉಸಿರಿನ ಲೆಕ್ಕ ತೆಗೆಯುತ್ತಾರಂತೆ. ಆದರೆ ಅಂಥ ಮಷೀನು ಶಿರಹಟ್ಟಿಯಲ್ಲಿ ಇಲ್ಲ, ಮುಂಡರಗಿಯಲ್ಲೂ ಇಲ್ಲ. ಸುಮ್ಮನೆ ನೆಲದ ಮೇಲೆ ಆರು ನಿಮಿಷ ನಡೆಸಿ ಎಷ್ಟು ದೂರ ಹೋದರೆಂದು ಅಳೆದರೆ ಆ ಮಷೀನು ಹೇಳುವುದನ್ನೇ ತಕ್ಕಮಟ್ಟಿಗೆ ಹೇಳಬಹುದೇ ಎಂದು ಅವಳು ನೋಡಬೇಕಿತ್ತು. ಹಾಗೆ ಹೇಳಬಹುದಾದರೆ ಯಾವ ಸಣ್ಣ ಊರಿನಲ್ಲೂ ಒಂದು ಪಡಸಾಲೆ, ಒಂದು ಗಡಿಯಾರ, ಎರಡು ಕುರ್ಚಿ ಇದ್ದರೆ ಸಾಕು. ಅವಳ ಹತ್ತಿರ ಪಟ್ಟಿಯಲ್ಲಿ ಆಗಲೇ ಬೆಟಗೇರಿಯ ಹೆಂಗಸರಿದ್ದರು. ಹಳ್ಳಿಯವರು ಯಾರೂ ಸಿಕ್ಕಿರಲಿಲ್ಲ.

“ಹಳ್ಳ್ಯಾಗ ಯಾರೂ ಒಪ್ಪವಲ್ರರಿ. ನಾ ಹೋದ್ರ ಬಾಗಲಾ ಹಾಕ್ಕೋತಾರ.”

“ನೀವು ಹೆಂಗ ಕೇಳತೀರಿ?”

“ಬೊಜ್ಜಿನ ಬಗ್ಗೆ ಒಂದು ಅಧ್ಯಯನ ಮಾಡಾಕತ್ತೀವಿ ಅಂತ...”

ನಾನು ನಕ್ಕುಬಿಟ್ಟೆ. ಬಸ್ಸು ಬಂತು. ಹತ್ತುವಾಗ ಹೇಳಿದೆ, “ಹತ್ತು ಮಂದಿನ್ನ ನಾ ಕೊಡತೀನಿ. ಮೊದಲ್ನೇದಾಕಿ ನಾನ.”

ಹತ್ತು ಎಂದು ಯಾಕೆ ಬಾಯಿಗೆ ಬಂತೋ ತಿಳಿಯದು. ಶಿಗ್ಲಿಗೆ ಬಂದು ಇಳಿಯುವಷ್ಟರಲ್ಲಿ ಅದರ ತೂಕ ಗೊತ್ತಾಗಿತ್ತು. ಒಬ್ಬ ಹೆಂಗಸಿನ ಮನೆಗೆ ಹೋಗಿ ‘ನೀನು ದಪ್ಪ ಇದ್ದೀ, ನನ್ನ ಜೊತೆ ಬಾ’ ಎಂದು ಯಾವ ಬಾಯಿಂದ ಹೇಳುವುದು? ಬಸುರಿ, ಬಾಣಂತಿ, ಕೂಸಿನ ಲಸಿಕೆ ಎಂದು ಹೋದರೆ ಕುಳ್ಳಿರಿಸಿ ಚಹಾ ಕೊಡುವ ಮನೆಗಳು ಅವು. ಮೊದಲ ಮನೆಯಲ್ಲಿ ನಾನು ಮಾತು ಮುಗಿಸುವ ಮೊದಲೇ ಆ ಮನೆಯಾಕೆ, “ಮೊದಲ ನಿನ್ನ ಮೈ ನೋಡ್ಕೋ ಬೇ” ಎಂದಳು. ಎರಡನೆಯ ಮನೆಯಲ್ಲಿ ಅತ್ತೆ, ಸೊಸೆಯ ಪರವಾಗಿ ಉತ್ತರ ಕೊಟ್ಟಳು: “ನಮ್ಮ ಮನ್ಯಾಗ ತಿನ್ನಾಕ ಉಣ್ಣಾಕ ಕಮ್ಮಿ ಇಲ್ಲ, ಅದಕ್ಕ ಅಕಿ ಹಂಗದಾಳ.” ಸೊಸೆ ಒಲೆಯ ಮುಂದೆ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಲೇ ಇದ್ದಳು.

ಮೂರನೆಯ ಮನೆಯಿಂದ ನಾನು ದಾರಿ ಬದಲಿಸಿದೆ. ತೂಕದ ಸುದ್ದಿಯೇ ಎತ್ತಲಿಲ್ಲ. “ಈ ತಿಂಗಳ ಕಡೀ ಐತವಾರ ನಾ ಆರು ನಿಮಿಷ ನಡ್ಯಾಕಿ ಅದೀನಿ. ಎಷ್ಟು ದೂರ ಹೋಗತೀನಿ ಅಂತ ಗದಗದಿಂದ ಬಂದು ಅಳಿತಾರ. ನೀನೂ ಬಾ, ಯಾರು ಜಾಸ್ತಿ ನಡಿತಾರ ನೋಡೂಣು” ಎಂದೆ. ಅದು ಪಂದ್ಯವಲ್ಲ, ಒಬ್ಬರೊಡನೆ ಒಬ್ಬರನ್ನು ಹೋಲಿಸುವುದೂ ಅಲ್ಲ ಎಂದು ಹುಡುಗಿ ನನಗೆ ಎರಡು ಸಲ ಹೇಳಿದ್ದಳು. ನಾನು ಕೇಳಿಸಿಕೊಂಡಿರಲಿಲ್ಲ ಎಂದುಕೊಳ್ಳಿ. ಒಂದು ವಾರದಲ್ಲಿ ನಾನೂ ಸೇರಿ ಏಳು ಮಂದಿ ಆದೆವು.

ಎಂಟನೆಯವಳಾಗಿ ನನಗೆ ಬೇಕಾಗಿದ್ದವಳು ಗಾದಿ ಚಾಚಿ. ನಮ್ಮ ಓಣಿಯ ಕೊನೆಗೆ ಅವರ ಮನೆ. ಮುಂದೆ ವಾಸ, ಹಿಂದಿನ ತಗಡಿನ ಶೆಡ್ಡಿನಲ್ಲಿ ಅರಳೆ ಹಿಂಜುವ ಮಷೀನು. ಚಾಚಾ ಮಷೀನಿಗೆ ಅರಳೆ ಹಾಕುತ್ತಿದ್ದರು, ಚಾಚಿ ಅದೇ ಶೆಡ್ಡಿನಲ್ಲಿ ನೆಲದ ಮೇಲೆ ಕುಳಿತು ಗಾದಿ ತುಂಬಿ, ಬಡಿಗೆಯಿಂದ ಬಡಿದು, ಉದ್ದನೆಯ ಸೂಜಿಯಿಂದ ಹೊಲಿಯುತ್ತಿದ್ದಳು. ನಮ್ಮ ಊರಲ್ಲಿ ಮದುವೆಯಾದ ಯಾವ ಹುಡುಗಿಯೂ ಚಾಚಿಯ ಕೈಯ ಗಾದಿ ಇಲ್ಲದೆ ಗಂಡನ ಮನೆಗೆ ಹೋಗಿಲ್ಲ. ನಾನೂ ಅವಳು ಹೊಲಿದ ಗಾದಿಯ ಮೇಲೆಯೇ ಎರಡು ಮಕ್ಕಳನ್ನು ಬೆಳೆಸಿದವಳು. ಚಾಚಿ ನೂರು ಕಿಲೋದ ಮೇಲೆ ತೂಗುತ್ತಿದ್ದಳು. ಓಣಿಯಲ್ಲಿ ನಾಲ್ಕು ಮನೆ ದಾಟುವಷ್ಟರಲ್ಲಿ ನಿಂತು, ಯಾರದಾದರೂ ಕಟ್ಟೆಗೆ ಕೈ ಊರಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಎಲ್ಲರೂ ಹೇಳುವುದು ಒಂದೇ ಮಾತು, ದಪ್ಪ ಅದಾಳ, ಅದಕ್ಕ ದಮ್ಮು ಹತ್ತತಿ. ಚಾಚಿಯೂ ಅದನ್ನೇ ಹೇಳುತ್ತಿದ್ದಳು. ಪ್ರತಿ ತಿಂಗಳು ಅವರ ಮನೆಗೆ ಹೋಗುತ್ತಿದ್ದ ನಾನೂ, “ಚಾಚಿ, ಅನ್ನಾ ಕಮ್ಮಿ ಮಾಡ್ರಿ” ಎಂದು ಹೇಳಿ ಮುಂದೆ ಹೋಗುತ್ತಿದ್ದೆ.

ನಾನು ಹೋದಾಗ ಅವಳ ರೆಪ್ಪೆ, ಹುಬ್ಬು, ತಲೆಯ ಮೇಲಿನ ಸೆರಗು ಎಲ್ಲದರ ಮೇಲೂ ಅರಳೆಯ ಬಿಳಿ ದೂಳಿತ್ತು. ಮಷೀನಿನ ಸದ್ದಿಗೆ ಕೂಗಿ ಮಾತಾಡಬೇಕಾಯಿತು.

“ಮಂದಿ ಮುಂದ ಅತ್ತಿಂದಿತ್ತ ತಿರಗಾಡಬೇಕೇನು? ನಾ ಹಾದ್ಯಾಗ ಹೊಂಟ್ರ ಈಗ ನಗತಾರ. ಇನ್ನ ಆಟಾ ಆಡಸಾಕ ಬಂದಿಯೇನ ತಂಗಿ?”

“ಮಂದಿ ಯಾರೂ ಇರೂದಿಲ್ಲ ಚಾಚಿ. ಬರೇ ಹೆಣ್ಣಮಕ್ಕಳು.”

“ಎಲ್ಲಿ?”

ಅದು ನಾನು ಯೋಚಿಸಿರದ ಪ್ರಶ್ನೆ. ಹುಡುಗಿ ಕೇಳಿದ್ದು ಮೂವತ್ತು ಮೀಟರ್ ಉದ್ದದ ನೇರ ಜಾಗ. ನಾನು ಕನ್ನಡ ಶಾಲೆಯ ಅಂಗಳ ಎಂದುಕೊಂಡಿದ್ದೆ. ಅದರ ಮುಂದೆಯೇ ಬಸ್ಸು ನಿಲ್ಲುತ್ತದೆ, ಚಹಾದ ಅಂಗಡಿ ಇದೆ, ದಿನವಿಡೀ ಗಂಡಸರು ಕೂತಿರುತ್ತಾರೆ. ಅವರ ಮುಂದೆ ನಾನಾದರೂ ನಡೆದೇನೆ ಎಂದು ಕೇಳಿಕೊಂಡೆ. ಇಲ್ಲ.

ಉರ್ದು ಶಾಲೆಗೆ ಒಳಗಡೆ ಉದ್ದನೆಯ ಪಡಸಾಲೆ ಇದೆ, ಸುತ್ತ ಗೋಡೆ, ಮುಂದೆ ಕಬ್ಬಿಣದ ಗೇಟು. ಹೆಡ್‌ಮಾಸ್ಟರರ ಮನೆಗೆ ಮೂರು ಸಲ ಹೋದೆ. ಮೊದಲ ಸಲ ಅವರಿರಲಿಲ್ಲ, ಎರಡನೆಯ ಸಲ ಮೇಲಿನವರನ್ನು ಕೇಳಬೇಕು ಎಂದರು. ಮೂರನೆಯ ಸಲ ಅವರ ಹೆಂಡತಿ ಬಾಗಿಲ ಪರದೆಯ ಹಿಂದಿನಿಂದ, “ಕೀಲಿ ಕೊಡ್ರಿ ಅವ್ರಿಗೆ, ನಾನೂ ಹೋಗಾಕಿ ಅದೀನಿ” ಎಂದರು. ಮಾಸ್ತರರು ಕೀಲಿ ಕೊಟ್ಟರು. ನನಗೆ ಒಂಬತ್ತನೆಯವರೂ ಸಿಕ್ಕಿದ್ದರು.

ಚಾಚಿಯ ಹತ್ತಿರ ಮತ್ತೆ ಹೋಗಿ ಗೇಟಿಗೆ ಒಳಗಿನಿಂದ ಚಿಲಕ ಹಾಕುತ್ತೇನೆ ಎಂದು ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸಿ ಗಂಟು ಹಾಕಿದಳು. “ಆತು, ಬರ್ತೀನಿ. ನಡುವ ನಿಂತ್ರ ನಗಬ್ಯಾಡ್ರಿ ಮತ್ತ” ಎಂದಳು.

ಹತ್ತನೆಯವಳನ್ನು ನಾನು ಹುಡುಕಬೇಕಾಗಲಿಲ್ಲ. ಆ ಭಾನುವಾರ ಬೆಳಿಗ್ಗೆ ನಾವು ಗೇಟು ತೆರೆಯುವ ಹೊತ್ತಿಗೆ, ರೊಟ್ಟಿ ಬಡಿಯುತ್ತಿದ್ದ ಆ ಸೊಸೆ ಹೊರಗೆ ನಿಂತಿದ್ದಳು. ಅತ್ತೆ ಲಕ್ಕುಂಡಿಗೆ ತಂಗಿಯ ಮನೆಗೆ ಹೋಗಿದ್ದಾಳೆ ಎಂದಷ್ಟೇ ಹೇಳಿದಳು.

ಹುಡುಗಿ ಟೇಪು ಹಿಡಿದು ಮೂವತ್ತು ಮೀಟರ್ ಅಳೆದು, ಎರಡು ತುದಿಗೆ ಕೆಂಪು ಕೋನುಗಳನ್ನಿಟ್ಟು, ಮೂರು ಮೀಟರಿಗೊಂದು ಸೀಮೆಸುಣ್ಣದ ಗೆರೆ ಎಳೆದಳು. ನಡುವೆ ಒಂದು ಕುರ್ಚಿ. ಪ್ರತಿಯೊಬ್ಬರಿಗೂ ಮೊದಲು ಹತ್ತು ನಿಮಿಷ ಕುಳ್ಳಿರಿಸಿ ಬಿ.ಪಿ. ನೋಡಿ, ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕದ ಅಂಕಿ ಬರೆದುಕೊಂಡಳು. ಕೊರೊನಾದ ಕಾಲದಲ್ಲಿ ಮನೆ ಮನೆಗೆ ಆ ಕ್ಲಿಪ್ ಹಿಡಿದು ತಿರುಗಿದವಳು ನಾನು, ಅದು ನನ್ನ ಕೆಲಸವಾಯಿತು. ಜೊತೆಗೆ ಪ್ರಶ್ನೆಗಳ ಹಾಳೆ. ಎದೆನೋವು ಇದೆಯೇ, ಹೃದಯದ ಕಾಯಿಲೆ ಇದೆಯೇ, ಉಬ್ಬಸ ಇದೆಯೇ. ಚಾಚಿಯ ಹಾಳೆಯನ್ನು ತುಂಬಿದವಳು ನಾನೇ. ಉಬ್ಬಸದ ಮುಂದೆ ‘ಇಲ್ಲ’ ಎಂದು ಬರೆದೆ. ಅವಳನ್ನು ಸರಿಯಾಗಿ ಕೇಳಲೂ ಇಲ್ಲ. ಅವಳು ಯಾಕೆ ಏದುಸಿರು ಬಿಡುತ್ತಾಳೆಂದು ನನಗೆ ಗೊತ್ತೇ ಇತ್ತಲ್ಲ.

ನಡೆಯುವಾಗ ಪ್ರತಿ ನಿಮಿಷಕ್ಕೊಂದು ಮಾತು ಹೇಳಬೇಕೆಂಬ ನಿಯಮ. ಎಲ್ಲರಿಗೂ ಅದೇ ಮಾತು, ಅದೇ ದನಿ. ಹೆಚ್ಚು ಹುರುಪು ತುಂಬಬಾರದು, ಜೊತೆಗೆ ನಡೆಯಬಾರದು. ಹಾಳೆಯಲ್ಲಿ ಅಚ್ಚಾಗಿದ್ದುದನ್ನು ಅವಳು ಓದಿದಳು. “ನೀವು ಚೆನ್ನಾಗಿ ಮಾಡುತ್ತಿದ್ದೀರಿ. ಇನ್ನು ಐದು ನಿಮಿಷಗಳು ಉಳಿದಿವೆ.” ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ರೇಡಿಯೋ ಎಂದು ಯಾರೋ ಹೇಳಿದರು. ಹುಡುಗಿ ಕೆಂಪಾದಳು, ಆಮೇಲೆ ತಾನೂ ನಕ್ಕಳು. “ಚಲೋ ನಡ್ಯಾಕತ್ತೀರಿ, ಇನ್ನ ಐದು ನಿಮಿಷ ಐತಿ” ಎಂದು ಬದಲಿಸಿಕೊಂಡಳು. ಆದರೆ ಹತ್ತೂ ಜನಕ್ಕೆ ಅಷ್ಟೇ, ಒಂದು ಅಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಅವಳ ಆ ಕಟ್ಟುನಿಟ್ಟು ನನಗೆ ಅಂದೇ ಹಿಡಿಸಿತು.

ಮೊದಲು ನಾನು ನಡೆದೆ. ಓಡಬಾರದು, ಆದಷ್ಟು ಚುರುಕಾಗಿ ನಡೆಯಬೇಕು, ದಣಿವಾದರೆ ನಿಲ್ಲಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ದಿನವೂ ಊರು ಸುತ್ತುವವಳು ನಾನು, ಆರು ನಿಮಿಷ ಏನು ಮಹಾ ಎಂದುಕೊಂಡು ಹೊರಟೆ. ಊರು ಸುತ್ತುವಾಗ ಮನೆಗೊಂದು ಸಲ ನಿಲ್ಲುತ್ತೇವೆ, ಮಾತಾಡುತ್ತೇವೆ, ಕುಳಿತುಕೊಳ್ಳುತ್ತೇವೆ. ನಿಲ್ಲದೆ, ಮಾತಿಲ್ಲದೆ, ನಡೆಯುವುದಕ್ಕಾಗಿಯೇ ನಡೆಯುವುದು ನಾನು ಎಂದೂ ಮಾಡಿರಲಿಲ್ಲ. ಮೂರನೆಯ ನಿಮಿಷಕ್ಕೆ ಮೊಣಕಾಲ ಕೆಳಗಿನ ಪಿಂಡರಿ ಬಿಗಿಯಿತು. ಐದನೆಯದಕ್ಕೆ ಬೆನ್ನಲ್ಲಿ ಬೆವರು ಇಳಿಯಿತು. ಹದಿನಾಲ್ಕು ಸಲ ಪಡಸಾಲೆ ದಾಟಿದ್ದೆ, ನಾನ್ನೂರ ಇಪ್ಪತ್ತು ಮೀಟರ್.

“ಸೊನ್ನೆಯಿಂದ ಹತ್ತರ ತನಕ ಹೇಳ್ರಿ, ಎಷ್ಟು ದಣಿವಾತು?”

“ಸೊನ್ನಿ” ಎಂದೆ, ಗೋಡೆ ಹಿಡಿದುಕೊಂಡೇ.

ಹುಡುಗಿ ಬರೆದುಕೊಳ್ಳಲಿಲ್ಲ. ಪೆನ್ನು ಹಿಡಿದು ನನ್ನ ಮುಖ ನೋಡಿದಳು. “ಅಕ್ಕಾರ, ನೀವ ಹಿಂಗ ಹೇಳಿದ್ರ ಉಳದವ್ರೂ ಹಿಂಗ ಹೇಳತಾರ.” ನಾನು ಆರು ಎಂದು ಒಪ್ಪಿಕೊಂಡೆ. ಹಾಗೆ ಗಟ್ಟಿಯಾಗಿ, ನಾಲ್ಕು ಜನರ ಮುಂದೆ ನನಗೆ ದಣಿವಾಗಿದೆ ಎಂದು ಹೇಳಿದ್ದು ನೆನಪಿರುವ ಮಟ್ಟಿಗೆ ಅದೇ ಮೊದಲು.

ಆ ಸೊಸೆ ನಮ್ಮೆಲ್ಲರಿಗಿಂತ ಹೆಚ್ಚು ನಡೆದಳು. ಐನೂರು ಮೀಟರ್ ದಾಟಿತು. ದಿನವೂ ಹೊಲಕ್ಕೆ ಬುತ್ತಿ ಹೊತ್ತು ಹೋಗಿ ಬರುವ ಕಾಲು ಅವು. ಮುಗಿದ ಮೇಲೆ, “ಇನ್ನೊಮ್ಮೆ ನಡೀಲೇನ್ರಿ?” ಎಂದು ಕೇಳಿದಳು. ಅವಳ ತೂಕ ನನ್ನಷ್ಟೇ ಇತ್ತು.

ಕೊನೆಗೆ ಚಾಚಿ. ಬುರ್ಖಾ ತೆಗೆದು ಕಿಟಕಿಗೆ ಹಾಕಿ, ಸೀರೆಯನ್ನು ಸ್ವಲ್ಪ ಎತ್ತಿ ಸಿಕ್ಕಿಸಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಳು. ಕುಳಿತಾಗಿನ ಅಂಕಿ ತೊಂಬತ್ತೈದು ಇತ್ತು. ಬಿಸ್ಮಿಲ್ಲಾ ಎಂದು ಹೊರಟಳು. ಎರಡು ಸಲ ಪಡಸಾಲೆಯನ್ನು ಚೆನ್ನಾಗಿಯೇ ದಾಟಿದಳು. ಮೂರನೆಯ ಸಲ ಹೆಜ್ಜೆ ಸಣ್ಣವಾದವು. ನಾಲ್ಕನೆಯದು ಮುಗಿಸಿ ಗೋಡೆಗೆ ಕೈ ಊರಿ ನಿಂತಳು. ಇನ್ನೂ ಮೂರು ನಿಮಿಷ ಆಗಿರಲಿಲ್ಲ. ಯಾರೂ ನಗಲಿಲ್ಲ. ನಾನು ಓಡಿ ಬೆರಳಿಗೆ ಕ್ಲಿಪ್ ಹಾಕಿದೆ. ತೊಂಬತ್ತು. ಎಂಬತ್ತೆಂಟು. ಎಂಬತ್ತನಾಲ್ಕು. ಕ್ಲಿಪ್ ಕೆಟ್ಟಿದೆ ಎಂದುಕೊಂಡು ತೆಗೆದು ಇನ್ನೊಂದು ಬೆರಳಿಗೆ ಹಾಕಿದೆ. ಎಂಬತ್ತನಾಲ್ಕು.

“ಸಾಕು, ನಿಲ್ಲಸ್ರಿ. ಚಾಚಿ, ಕುಂಡ್ರಿ” ಎಂದು ಹುಡುಗಿ ಕುರ್ಚಿ ಎಳೆದು ತಂದಳು.

“ನಾ ಇನ್ನೂ ನಡಿತೀನಿ. ಸ್ವಲ್ಪ ನಿಂತು... ನಡಿತೀನಿ” ಎಂದಳು ಚಾಚಿ. ಎರಡು ಮಾತಿನ ನಡುವೆ ಮೂರು ಉಸಿರು ಬೇಕಾಗಿತ್ತು.

“ಬ್ಯಾಡ್ರಿ. ಕುಂಡ್ರಿ.”

ಹುಡುಗಿ ಅವಳನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ತುಟಿ ಚೂಪು ಮಾಡಿ ಉಸಿರು ಬಿಡಲು ಹೇಳಿಕೊಟ್ಟಳು. ಅಂಕಿ ನಿಧಾನವಾಗಿ ಮೇಲೇರಿತು. ಆಮೇಲೆ ನನ್ನನ್ನು ಪಡಸಾಲೆಯ ತುದಿಗೆ ಕರೆದೊಯ್ದು ಮೆಲ್ಲಗೆ ಕೇಳಿದಳು. “ಅಕ್ಕಾರ, ಇದು ಬರೇ ತೂಕದ್ದಲ್ರಿ. ನಿಮ್ಮ ಎಲ್ಲಾರ ಅಂಕಿನೂ ನೋಡೀರಲ್ಲ, ಯಾರದರ ಹಿಂಗ ಬಿತ್ತೇನು? ಇವ್ರು ಏನ್ ಕೆಲಸಾ ಮಾಡ್ತಾರ?”

“ಗಾದಿ ಮಾಡ್ತಾರ” ಎಂದೆ. ಆ ಮಾತು ಹೇಳುವಾಗಲೇ ಅವಳ ರೆಪ್ಪೆಯ ಮೇಲಿನ ಬಿಳಿ ದೂಳು ಕಣ್ಣಿಗೆ ಬಂತು.

ಎರಡು ದಿನ ಬಿಟ್ಟು ಚಾಚಿಯನ್ನು ಗದಗಿಗೆ ಕರೆದುಕೊಂಡು ಹೋದೆವು. ಹುಡುಗಿಯೇ ಎದೆಯ ಡಾಕ್ಟರರೊಬ್ಬರಿಗೆ ಹೇಳಿಟ್ಟಿದ್ದಳು. ವಯಸ್ಸಾದ ಡಾಕ್ಟರು, ಮಾತು ಕಡಿಮೆ. ಕೊಳವೆಯೊಳಗೆ ಊದಿಸಿದರು, ಎದೆಯ ಫೋಟೋ ತೆಗೆಸಿದರು. ಆಮೇಲೆ ಪೆನ್ನು ಹಿಡಿದು ಕೇಳಿದರು.

“ಎದಿ ಬಿಗಿಯೂದು ಯಾವಾಗ ಜಾಸ್ತಿ?”

“ಶನಿವಾರ” ಎಂದಳು ಚಾಚಿ, ತಡಮಾಡದೆ.

“ಶನಿವಾರ ಯಾಕ?”

“ಶುಕ್ರವಾರ ನಮ್ಮದು ಸೂಟಿ ಇರತೈತ್ರಿ. ಮಷೀನು ಬಂದ್. ಅವತ್ತು ಹಗುರ ಇರತೀನಿ. ಶನಿವಾರ ಮತ್ತ ಕುಂತ್ರ ಎದಿ ಮ್ಯಾಲೆ ಕಲ್ಲು ಇಟ್ಟಂಗ ಆಗತೈತಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಎಷ್ಟು ವರ್ಷದಿಂದ ಎಂದು ಕೇಳಿದರು. ಮದುವೆಯಾಗಿ ಬಂದಾಗಿನಿಂದ ಎಂದಳು. ಅರಳೆಯ ದೂಳು ಉಸಿರಿನ ನಾಳಗಳನ್ನು ಕೆರಳಿಸಿ ಬಿಗಿ ಮಾಡಿದೆ, ಸೂಟಿಯ ಮರುದಿನ ಹೆಚ್ಚಾಗುವುದೇ ಅದರ ಗುರುತು, ಇಷ್ಟು ವರ್ಷದಲ್ಲಿ ಆದ ಹಾನಿ ಪೂರ್ತಿ ಹೋಗುವುದಿಲ್ಲ, ಆದರೆ ದೂಳು ತಪ್ಪಿಸಿ, ಬಾಯಿಗೆ ಸೇದುವ ಪಂಪು ಬಳಸಿ, ಅಳತೆಯಲ್ಲಿ ನಡೆದು ಅಭ್ಯಾಸ ಮಾಡಿದರೆ ಈಗಿನದಕ್ಕಿಂತ ಎಷ್ಟೋ ಮೇಲಾಗಬಹುದು ಎಂದರು. ತೂಕವೂ ಸ್ವಲ್ಪ ಇಳಿಯಬೇಕು ಎಂದು ಕೊನೆಯಲ್ಲಿ ಹೇಳಿದರು. ಕೊನೆಯಲ್ಲಿ. ನಾವು ವರ್ಷಗಟ್ಟಲೆ ಅದನ್ನೇ ಮೊದಲು ಹೇಳಿ ಅಲ್ಲಿಗೇ ಮುಗಿಸಿದ್ದೆವು.

ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಆಮೇಲೆ ಅವಳ ಕಡೆ ತಿರುಗಿ ಹೇಳಿದೆ, “ಚಾಚಿ, ನಂದು ತಪ್ಪಾತು. ಹಾಳಿಮ್ಯಾಲೆ ನಾನ ಇಲ್ಲ ಅಂತ ಬರದೆ.”

“ನೀ ಕೇಳಿದ್ರ ನಾನೂ ಇಲ್ಲ ಅಂತಿದ್ದೆ” ಎಂದಳು. ಆಮೇಲೆ ಮಡಿಲಲ್ಲಿದ್ದ ಪಂಪನ್ನು ತಿರುಗಿಸಿ ನೋಡುತ್ತ, “ಆ ಹುಡಿಗಿ ನನ್ನ ಹೆಸರು ಪಟ್ಟ್ಯಾಗಿಂದ ಹೊಡದು ಹಾಕಿದ್ಳಂತ?” ಎಂದು ಕೇಳಿದಳು.

ಹೌದು. ಉಸಿರಿನ ಕಾಯಿಲೆ ಇರುವವರನ್ನು ಆ ಅಧ್ಯಯನದಲ್ಲಿ ಸೇರಿಸುವಂತಿರಲಿಲ್ಲ. ನಾನು ಅದನ್ನು ವಿವರಿಸಿದೆ. ಚಾಚಿಗೆ ಕಾಯಿಲೆಯ ಸುದ್ದಿ ಕೇಳಿದಾಗ ಆಗದ ಬೇಸರ ಇದಕ್ಕೆ ಆಯಿತು.

“ನೀವು ಒಂಬತ್ತು ಮಂದಿ ಒಳಗ, ನಾ ಹೊರಗ. ಅರ್ಧಾ ನಡದು ಕುಂತಾಕಿ ಅಂತ ಆತಲ್ಲ ನಂದು! ಆರು ನಿಮಿಷ ಅಂದ್ರ ಆರು ನಿಮಿಷ. ಅದ ಪಡಸಾಲ್ಯಾಗ ನಾ ನಡದ ನಡಿತೀನಿ. ಹೇಳು ಅಕಿಗೆ.”

ಉಳಿದ ಒಂಬತ್ತು ಮಂದಿ ಗದಗಿನ ಕಾಲೇಜಿಗೆ ಹೋಗಿ ಪಟ್ಟಾದ ಮೇಲೆ ನಡೆದು ಬಂದೆವು. ಮುಸುಕಿನೊಳಗೆ ನನ್ನ ಉಸಿರು ನನಗೇ ಎಮ್ಮೆಯ ಉಸಿರಿನಂತೆ ಕೇಳಿಸಿತು. ಕಾಲ ಕೆಳಗಿನ ನೆಲ ಓಡುವುದು ನನಗೆ ಒಗ್ಗಲಿಲ್ಲ, ಎರಡೂ ಕೈಯಿಂದ ಕಂಬಿ ಹಿಡಿದುಕೊಂಡು ಬೈಸಿಕೊಂಡೆ. ಆ ಸೊಸೆ ಅಲ್ಲಿಯೂ ನಮ್ಮೆಲ್ಲರಿಗಿಂತ ಮುಂದೆ. ಪಡಸಾಲೆಯಲ್ಲಿ ಹೆಚ್ಚು ದೂರ ನಡೆದವರೇ ಮಷೀನಿನ ಮೇಲೂ ಹೆಚ್ಚು ಹೊತ್ತು ತಾಳಿಕೊಂಡರು ಎಂದು ಹುಡುಗಿ ಖುಷಿಯಿಂದ ಹೇಳಿದಳು. ಎಲ್ಲರದೂ ಸರಿಯಾಗಿ ಹೊಂದಿತೆಂದು ಅಲ್ಲ, ಆದರೆ ಬಹುಮಟ್ಟಿಗೆ.

ಇತ್ತ ಚಾಚಿಯ ಮನೆಯಲ್ಲಿ ಮಷೀನಿನ ಜಗಳ ಶುರುವಾಗಿತ್ತು. ಚಾಚಾ ಕೆಟ್ಟವರಲ್ಲ, ಹೆದರಿದ್ದರು. ಗಾದಿಯ ಕೆಲಸವೇ ಬಿಡು ಎಂದರು. ಚಾಚಿ ಒಪ್ಪಲಿಲ್ಲ. “ಕೈ ಕಟ್ಟಿ ಕುಂತ್ರ ಇನ್ನೂ ಜಲ್ದಿ ಸಾಯ್ತೀನಿ. ಕೆಲಸಾ ಬಿಡೂದಿಲ್ಲ, ಜಾಗಾ ಬಿಡತೀನಿ” ಎಂದಳು. ತುಂಬುವುದು, ಬಡಿಯುವುದು ಚಾಚಾನ ಪಾಲಿಗೆ ಬಂತು. ಚಾಚಿ ಮುಂದಿನ ಕಟ್ಟೆಗೆ ಬಂದು ಬೇವಿನ ನೆರಳಲ್ಲಿ ಕವರು ಕತ್ತರಿಸಿ, ತುಂಬಿದ ಗಾದಿಗಳ ಬಾಯಿ ಹೊಲಿಯತೊಡಗಿದಳು. ಶೆಡ್ಡಿನ ಹಿಂದಿನ ತಗಡು ಕಿತ್ತು ಗಾಳಿ ಹೊರಗೆ ತಳ್ಳುವ ದೊಡ್ಡ ಫ್ಯಾನು ಕೂರಿಸಿದರು. ಚಾಚಾ ಕೂಡ ಮೂಗಿಗೆ ಬಿಗಿಯಾದ ಮಾಸ್ಕು ಕಟ್ಟುವಂತೆ ನಾನು ಬೆನ್ನು ಹತ್ತಿದೆ. ವಾರದಲ್ಲಿ ಎರಡು ದಿನ ಹೇಳದೆ ಕೇಳದೆ ಹೋಗಿ ನೋಡುತ್ತಿದ್ದೆ. ಒಂದು ದಿನ ಅವರು ಮಾಸ್ಕನ್ನು ಗದ್ದಕ್ಕೆ ಇಳಿಸಿ ಬೀಡಿ ಸೇದುತ್ತಿದ್ದರು. ಅವತ್ತು ನಾನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ನಡಿಗೆಯನ್ನು ನಾವು ಬೆಳಿಗ್ಗೆ ಆರೂವರೆಗೆ ಇಟ್ಟುಕೊಂಡೆವು. ಮೊದಲ ವಾರ ಅವರ ಬಾಗಿಲಿಂದ ಓಣಿಯ ನೀರಿನ ನಳದವರೆಗೆ, ಅಲ್ಲಿ ನಿಂತು ತುಟಿ ಚೂಪು ಮಾಡಿ ಉಸಿರು ಬಿಟ್ಟು, ಮತ್ತೆ ಬಾಗಿಲಿಗೆ. ಕ್ಲಿಪ್ಪಿನಲ್ಲಿ ಅಂಕಿ ಎಂಬತ್ತೆಂಟಕ್ಕಿಂತ ಕೆಳಗೆ ಬಂದರೆ ನಿಲ್ಲಬೇಕು ಎಂದು ಹುಡುಗಿ ಫೋನಿನಲ್ಲಿ ಹೇಳಿದ್ದಳು. ಓಣಿಯವರು ಬಾಗಿಲಿಗೆ ಬಂದು ನೋಡಿದರು. ಎರಡನೆಯ ವಾರಕ್ಕೆ ನೋಡುವುದು ಬಿಟ್ಟರು. ಒಂದು ತಿಂಗಳಿಗೆ ಮಾಸ್ತರರ ಹೆಂಡತಿ ಜೊತೆಗೆ ಸೇರಿದರು. ಮಳೆಗಾಲದಲ್ಲಿ ಚಾಚಿಗೆ ನೆಗಡಿ ಹತ್ತಿ ಮೂರು ವಾರ ಎಲ್ಲವೂ ನಿಂತಿತು. ಮತ್ತೆ ಶುರು ಮಾಡಿದಾಗ ನಳದವರೆಗೂ ಹೋಗಲಾಗಲಿಲ್ಲ. ನಡುದಾರಿಯ ಕಟ್ಟೆಯ ಮೇಲೆ ಕುಳಿತು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಪಕ್ಕದಲ್ಲಿ ಕುಳಿತೆ. ಕಣ್ಣೊರೆಸಿಕೊಂಡು ಅವಳೇ ಎದ್ದಳು. “ಏಳು ಬೇ, ನಿನ್ನ ಕಾಲಿಗೇನಾಗೇತಿ?” ಎಂದಳು.

ನಡುವೆ ಹುಡುಗಿಯ ಓದು ಮುಗಿದು ಮುಂಡರಗಿಯಲ್ಲಿ ಕೆಲಸ ಸಿಕ್ಕಿತು. ಎಂಟು ತಿಂಗಳಾದ ಮೇಲೆ ನಾನು ಫೋನು ಮಾಡಿ, ಚಾಚಿ ತಯಾರಾಗಿದ್ದಾಳೆ ಎಂದೆ. ತನ್ನ ಅಧ್ಯಯನಕ್ಕೆ ಅದು ಸೇರುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಭಾನುವಾರ ಮೊದಲ ಬಸ್ಸಿಗೇ ಕೋನುಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದಿಳಿದಳು.

ಉರ್ದು ಶಾಲೆಯ ಪಡಸಾಲೆಗೆ ಮತ್ತೆ ಗೆರೆ ಬಿದ್ದವು. ಈ ಸಲ ಚಾಚಿಯ ಹಾಳೆಯನ್ನು ನಾನು ಒಂದೊಂದೇ ಪ್ರಶ್ನೆ ಕೇಳಿ, ಅವಳು ಹೇಳಿದ್ದನ್ನೇ ಬರೆದೆ. ತೂಕ ಏಳು ಕಿಲೋ ಇಳಿದಿತ್ತು. ಇನ್ನೂ ದಪ್ಪವೇ ಇದ್ದಳು. ಮೂರು ನಿಮಿಷ ಒಂದೇ ಸಮ ನಡೆದಳು. ಯಾರೂ ಚಪ್ಪಾಳೆ ತಟ್ಟುವಂತಿಲ್ಲ, ನನ್ನ ಕೈಗಳನ್ನು ನಾನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದೆ. “ಚಲೋ ನಡ್ಯಾಕತ್ತೀರಿ, ಇನ್ನ ಮೂರು ನಿಮಿಷ ಐತಿ” ಎಂದು ಹುಡುಗಿ ಎಂದಿನ ದನಿಯಲ್ಲಿ ಹೇಳುತ್ತಿರುವಾಗ ಚಾಚಿ ನಿಂತಳು. ಗೋಡೆಗೆ ಬೆನ್ನು ಕೊಟ್ಟು ತುಟಿ ಚೂಪು ಮಾಡಿ ಉಸಿರು ಬಿಟ್ಟಳು. ಕ್ಲಿಪ್ಪಿನಲ್ಲಿ ಎಂಬತ್ತೊಂಬತ್ತು. ಗಡಿಯಾರ ಓಡುತ್ತಿತ್ತು. ಇಪ್ಪತ್ತು ಸೆಕೆಂಡು, ಮೂವತ್ತು. ಕಣ್ಣು ಮುಚ್ಚಿಕೊಂಡೇ ಗೋಡೆ ಬಿಟ್ಟು ಹೆಜ್ಜೆ ಎತ್ತಿದಳು. ಆಮೇಲೆ ಆರು ನಿಮಿಷ ಮುಗಿಯುವವರೆಗೂ ನಿಲ್ಲಲಿಲ್ಲ.

ಒಂಬತ್ತು ಸಲ ಪಡಸಾಲೆ, ಮೇಲೆ ಐದು ಗೆರೆ. ಇನ್ನೂರ ಎಂಬತ್ತೈದು ಮೀಟರ್. ಹುಡುಗಿ ಎರಡು ಸಲ ಎಣಿಸಿದಳು.

“ಎಷ್ಟು ದಣಿವಾತು ಚಾಚಿ?”

“ಏಳು” ಎಂದಳು ಚಾಚಿ, ಕುರ್ಚಿಯಲ್ಲಿ ಕುಳಿತು. ಇನ್ನೊಂದು ಉಸಿರು ಬಿಟ್ಟು, “ಏಳುವರಿ ಬರಿ” ಎಂದು ತಿದ್ದಿದಳು. ಆಮೇಲೆ ಆ ಹಾಳೆ ಇಸಿದುಕೊಂಡು ನನ್ನ ಪೆನ್ನಿನಿಂದ ಕೆಳಗೆ ಉರ್ದುವಿನಲ್ಲಿ ತನ್ನ ಹೆಸರು ಬರೆದಳು. ಬರೆದು, ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಹುಡುಗಿ ತನ್ನ ಪುಸ್ತಕಕ್ಕೆ ಬೇರೆ ನಕಲು ಮಾಡಿಕೊಳ್ಳಬೇಕಾಯಿತು.

ಈಗ ನಾನು ಎಂಬತ್ತನಾಲ್ಕು ಕಿಲೋ ಇದ್ದೇನೆ. ಹೋದ ತಿಂಗಳು ಊರ ಹೊರಗಿನ ಹೊಸ ಮನೆಗಳ ಕಡೆ ಹೋದಾಗ ಒಬ್ಬಳು ಬಾಗಿಲು ತೆರೆದು, ಅಷ್ಟಕ್ಕೇ ಏದುಸಿರು ಬಿಡುತ್ತ ಚೌಕಟ್ಟು ಹಿಡಿದು ನಿಂತಳು. ನಾನು ಕೇಳುವ ಮೊದಲೇ, “ಏನಿಲ್ಲಬೇ ಅಕ್ಕಾ, ದಪ್ಪಾಗೀನಿ, ಅದಕ್ಕ” ಎಂದಳು. ಇರಬಹುದು. ಬೇರೆಯದೂ ಇರಬಹುದು. ಎಷ್ಟು ದಿನದಿಂದ, ಮಲಗಿದಾಗ ಹೇಗಿರುತ್ತದೆ, ಕಾಲು ಬಾತುಕೊಳ್ಳುತ್ತದೆಯೇ, ಮನೆಯಲ್ಲಿ ಏನು ಕೆಲಸ ಮಾಡುತ್ತೀ ಎಂದು ಕೇಳಿ ಎಲ್ಲವನ್ನೂ ಬರೆದುಕೊಂಡೆ. ಚೀಲದಿಂದ ಕ್ಲಿಪ್ ತೆಗೆದು ಅವಳ ಬೆರಳಿಗೆ ಹಾಕಿ ಕುಳ್ಳಿರಿಸಿದೆ. ಅಂಕಿ ಚೆನ್ನಾಗಿತ್ತು.

“ಚಪ್ಪಲ್ ಹಾಕ್ಕೋ” ಎಂದೆ. “ನಿನ್ನ ಗೇಟಿನ ತನಕ ಸಾವಕಾಶ ನಡದು ಬರೂಣು.”